ಬಸದಿ, ದೈವಸ್ಥಾನ ಮತ್ತು ಜಪಾನೀ ಅತಿಥಿಯ ಒಂದು ಪ್ರಶ್ನೆ

ಕೆಲವು ವರ್ಷಗಳ ಹಿಂದೆ, ಮಣಿಪಾಲಕ್ಕೆ ವ್ಯಾಸಂಗಕ್ಕಾಗಿ ಬಂದಿದ್ದ ಜಪಾನೀ ತರುಣನೊಬ್ಬನನ್ನು ಕಾರ್ಕಳಕ್ಕೆ ಕರೆದೊಯ್ದು ಅಲ್ಲಿಯ ಬಸದಿಗಳನ್ನು ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಕೆಲಸವೇನೂ ಕಷ್ಟದ್ದಲ್ಲ, ಇಸವಿಗಳನ್ನು ಒಪ್ಪಿಸುವುದು ಅಧ್ಯಾಪಕನಾಗಿದ್ದವನಿಗೆ ರೂಢಿಯೇ. ಆದರೆ ದಾರಿಯಲ್ಲಿ ಗದ್ದೆಯ ಅಂಚಿಗೆ, ಎರಡು ಹಳೆಯ ಮರಗಳ ನೆರಳಿನಲ್ಲಿದ್ದ ಹೆಂಚಿನ ಮಾಡಿನ ಪುಟ್ಟ ಕಟ್ಟಡವೊಂದನ್ನು ಕಂಡು ಆತ ಕಾರನ್ನು ನಿಲ್ಲಿಸಹೇಳಿದ. ಬಾಗಿಲು ಮುಚ್ಚಿತ್ತು. ಒಳಗೆ ಏನಿದೆ ಎಂದು ಕೇಳಿದ. ಒಂದು ಮಂಚ, ಒಂದು ಖಡ್ಗ, ಒಂದು ಗಂಟೆ ಎಂದೆ. ದೇವರ ವಿಗ್ರಹವಿಲ್ಲವೆ? ಇಲ್ಲ. ಹಾಗಾದರೆ ದೇವರೆಲ್ಲಿ? ಬರಬೇಕಾದ ದಿನ ಬರುತ್ತದೆ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ಜಿಂಜ, ನಾವು ನೋಡಲು ಹೋಗುತ್ತಿರುವುದು ತೆರ. ಎರಡಕ್ಕೂ ನಿಮ್ಮಲ್ಲಿ ಜಗಳವಾಗಲಿಲ್ಲವೆ?" ಎಂದು ಕೇಳಿದ.

ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಅದನ್ನು ಪೂರ್ಣಗೊಳಿಸುವ ಪ್ರಯತ್ನವೇ ಇಂದಿನ ಈ ಮಾತು.

ಜಪಾನಿನಲ್ಲಿ ಬೌದ್ಧ ದೇವಾಲಯಕ್ಕೆ ತೆರ ಎಂದು ಹೆಸರು. ಆ ನೆಲದ ಮೂಲದೈವಗಳನ್ನು ಕಮಿ ಎನ್ನುತ್ತಾರೆ. ಕಮಿಗಳ ಗುಡಿ ಜಿಂಜ. ಆ ಉಪಾಸನೆಯ ಕ್ರಮವೇ ಶಿಂತೋ. ಬೌದ್ಧಧರ್ಮ 6ನೆಯ ಶತಮಾನದಲ್ಲಿ ಕೊರಿಯಾದ ದಾರಿಯಿಂದ ಅಲ್ಲಿಗೆ ಹೋದಾಗ, ಬೆಟ್ಟ, ಮರ, ಜಲಪಾತ, ಬಂಡೆ ಇವುಗಳಲ್ಲಿ ನೆಲೆಸಿದ್ದ ಕಮಿಗಳನ್ನು ಅದು ಓಡಿಸಲಿಲ್ಲ. ಕಮಿಯೇ ಬುದ್ಧನ ಒಂದು ಸ್ಥಳೀಯ ರೂಪ ಎಂಬ ವ್ಯಾಖ್ಯಾನ ಹುಟ್ಟಿತು. ಸಾವಿರ ವರ್ಷಕ್ಕೂ ಮಿಕ್ಕಿ ತೆರದ ಅಂಗಳದಲ್ಲಿ ಜಿಂಜ, ಜಿಂಜದ ಮಗ್ಗುಲಲ್ಲಿ ತೆರ ಹೀಗೆ ಬಾಳಿದುವು. ನಮ್ಮ ಸರಸ್ವತಿ ಬೆನ್‌ಜೈತೆನ್ ಎಂಬ ಹೆಸರಿನಿಂದ ಬೌದ್ಧರೊಡನೆ ಅಲ್ಲಿಗೆ ಹೋಗಿ, ಕೈಯಲ್ಲಿ ವೀಣೆಯ ಬದಲು ಬೀವ ಎಂಬ ವಾದ್ಯ ಹಿಡಿದು, ಎರಡೂ ಕಡೆ ಪೂಜೆಗೊಳ್ಳುತ್ತ ಬಂದಳು. ಆದರೆ 1868ರಲ್ಲಿ ಮೇಜಿ ಸರಕಾರ ಇವೆರಡನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಹೊರಡಿಸಿತು. ಜಿಂಜಗಳೊಳಗಿದ್ದ ಬುದ್ಧವಿಗ್ರಹಗಳು ಹೊರಗೆ ಬಂದುವು, ಗಂಟೆಗಳು ಕರಗಿದುವು, ಅನೇಕ ತೆರಗಳು ನೆಲಸಮವಾದುವು. ಆ ತರುಣನ ಪ್ರಶ್ನೆಯ ಹಿಂದೆ ಇದ್ದುದು ಈ ನೆನಪು.

ಇನ್ನು ಕಾರ್ಕಳ. ಊರಿನ ಅಂಚಿನ ಕರಿಬಂಡೆಯ ಗುಡ್ಡದ ಮೇಲೆ 42 ಅಡಿ ಎತ್ತರದ ಗೊಮ್ಮಟ ನಿಂತಿದ್ದಾನೆ. ಪಾಂಡ್ಯರಾಯನೆನಿಸಿಕೊಂಡ ವೀರಪಾಂಡ್ಯ ಭೈರರಸ ತನ್ನ ಗುರು ಲಲಿತಕೀರ್ತಿಯ ಉಪದೇಶದಂತೆ 1432ರ ಫೆಬ್ರವರಿ 13ರಂದು ಇದನ್ನು ಪ್ರತಿಷ್ಠಾಪಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಶ್ರವಣಬೆಳಗೊಳದ ಮೂರ್ತಿ ನಿಂತಲ್ಲೇ ಬಂಡೆಯಿಂದ ಮೂಡಿದ್ದು. ಇದು ಹಾಗಲ್ಲ, ಬೇರೆಡೆ ಕಡೆದು ಗುಡ್ಡಕ್ಕೆ ಏರಿಸಿದ್ದು. ಇಪ್ಪತ್ತು ಗಾಲಿಗಳ ಬಂಡಿಯ ಮೇಲೆ ಮೂರ್ತಿಯನ್ನು ಎಳೆದು ತಂದರೆಂಬ ಪ್ರತೀತಿ ಇದೆ. 17ನೆಯ ಶತಮಾನದ ಚಂದ್ರಮ ಕವಿ ಈ ಗೊಮ್ಮಟನ ಚರಿತೆಯನ್ನೇ ಕಾವ್ಯವಾಗಿಸಿದ. ಗುಡ್ಡವೇರಿದ ಸಾಮಾನ್ಯ ಪ್ರವಾಸಿಯ ದೃಷ್ಟಿ ಗೊಮ್ಮಟನ ಮುಖಕ್ಕೆ ನೆಟ್ಟುಬಿಡುತ್ತದೆ. ಅದು ಸಹಜವೂ ಹೌದು. ಆದರೆ ಎದುರಿಗಿರುವ ಕಂಬವನ್ನು ನೋಡದೆ ಇಳಿಯಬಾರದು. ಅದು ಬ್ರಹ್ಮಸ್ತಂಭ, ಅದೇ ವೀರಪಾಂಡ್ಯ 1436ರಲ್ಲಿ ನಿಲ್ಲಿಸಿದ್ದು. ತುದಿಯಲ್ಲಿ ಬ್ರಹ್ಮಯಕ್ಷ ಕುಳಿತಿದ್ದಾನೆ. ಎಲ್ಲವನ್ನೂ ತೊರೆದು ನಿಂತ ಗೊಮ್ಮಟನ ಎದುರಿಗೆ, ಊರನ್ನು ಕಾಯುವ, ಬೇಡಿದ್ದನ್ನು ಕೊಡುವ ಯಕ್ಷ. ಮೋಕ್ಷ ಒಬ್ಬನ ಪಾಲು, ಮಳೆಬೆಳೆ ಮತ್ತೊಬ್ಬನ ಪಾಲು ಎಂಬ ಈ ವಿಭಾಗ ಜಪಾನಿನವರಿಗೆ ಹೇಳಿಕೊಡಬೇಕಾದದ್ದಲ್ಲ. ಅಲ್ಲಿ ಕೂಸು ಹುಟ್ಟಿದಾಗ ಜಿಂಜಕ್ಕೆ ಒಯ್ಯುತ್ತಾರೆ, ಮನುಷ್ಯ ಸತ್ತಾಗ ತೆರದ ಭಿಕ್ಷುವನ್ನು ಕರೆಯುತ್ತಾರೆ.

ಈ ಬ್ರಹ್ಮನ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ತುಳುನಾಡಿನ ಗರಡಿಗಳಲ್ಲಿ, ಆಲಡೆಗಳಲ್ಲಿ ಬೆರ್ಮೆರ್ ಎಂಬ ದೈವ ಇದೆ. ಕುದುರೆಯೇರಿದ ಯೋಧನ ರೂಪ. ವೇದದ ಚತುರ್ಮುಖ ಬ್ರಹ್ಮನಿಗೂ ಇವನಿಗೂ ಹೆಸರಿನ ಹೋಲಿಕೆಯಲ್ಲದೆ ಬೇರೆ ಸಾಮ್ಯ ಕಾಣದು. ಜೈನರ ಬ್ರಹ್ಮಯಕ್ಷನಿಗೂ ತುಳುವರ ಬೆರ್ಮೆರಿಗೂ ಇರುವ ನಂಟನ್ನು ವಿದ್ವಾಂಸರು ಬಗೆಬಗೆಯಾಗಿ ಚರ್ಚಿಸಿದ್ದಾರೆ. ಯಾರು ಯಾರಿಂದ ಪಡೆದರು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಬಸದಿಯ ಅಂಗಳದಲ್ಲಿ ಕ್ಷೇತ್ರಪಾಲನ ಕಲ್ಲು, ನಾಗನ ಕಲ್ಲು ಇರುವುದನ್ನೂ, ಜೈನ ಬಲ್ಲಾಳರ ಬೀಡುಗಳು ತಲೆಮಾರುಗಳಿಂದ ಭೂತಗಳ ನೇಮವನ್ನು ನಡೆಸಿಕೊಂಡು ಬಂದಿರುವುದನ್ನೂ ಕಣ್ಣಾರೆ ಕಂಡವರಿಗೆ ಆ ವಾದ ಅಷ್ಟೇನೂ ರುಚಿಸದು. ಧರ್ಮಸ್ಥಳವನ್ನೇ ನೋಡಿ: ಶಿವಲಿಂಗ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು, ನಾಲ್ಕು ಧರ್ಮದೈವಗಳು.

ಗೊಮ್ಮಟನ ಗುಡ್ಡದಿಂದ ಕೆಳಗೆ ನೋಡಿದರೆ ಚಿಕ್ಕ ಬಂಡೆಯೊಂದರ ಮೇಲೆ ಚತುರ್ಮುಖ ಬಸದಿ ಕಾಣಿಸುತ್ತದೆ. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಮೂರು ದಿಕ್ಕುಗಳಲ್ಲಿ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಆಳೆತ್ತರದ ಬಿಂಬಗಳು. ನಾಲ್ಕನೆಯ ದಿಕ್ಕಿನಲ್ಲಿ ಇಪ್ಪತ್ತನಾಲ್ವರ ಸಣ್ಣ ಬಿಂಬಗಳು. ಈ ಬಸದಿ ಹುಟ್ಟಿದ ಬಗೆಗೆ ಸ್ಥಳೀಯ ಐತಿಹ್ಯವೊಂದಿದೆ. ಶೃಂಗೇರಿಯ ಗುರುಗಳು ಕಾರ್ಕಳಕ್ಕೆ ಬಂದಾಗ, ವಿಷ್ಣುವಿನ ಗುಡಿಯಿಲ್ಲದ ಊರಿನಲ್ಲಿ ತಂಗುವುದೆಂತು ಎಂದರಂತೆ. ಅರಸ ಬಸದಿಗೆಂದು ಸಿದ್ಧವಾಗುತ್ತಿದ್ದ ಕಟ್ಟಡವನ್ನೇ ಅನಂತಪದ್ಮನಾಭನಿಗೆ ಬಿಟ್ಟುಕೊಟ್ಟ. ಜೈನಗುರುಗಳು ಮುನಿದರು. ಅವರನ್ನು ಒಲಿಸಲು ಅದಕ್ಕಿಂತ ಮಿಗಿಲಾದ ಬಸದಿಯನ್ನು ಅರಸ ಕಟ್ಟಿಸಿದ, ಅದೇ ಚತುರ್ಮುಖ. ಕತೆ ನಿಜವೋ ಅಲ್ಲವೋ, ಜಗಳವಾಗಲಿಲ್ಲವೆ ಎಂಬ ಪ್ರಶ್ನೆಗೆ ಕಾರ್ಕಳದವರು ಕೊಡುವ ಉತ್ತರ ಅದರಲ್ಲಿದೆ. ಜಗಳವಾಯಿತು, ಅದರ ಫಲವಾಗಿ ಊರಿಗೆ ಎರಡು ದೇವಾಲಯಗಳಾದುವು.

ಬಸದಿಯ ಮಾಡನ್ನು ಗಮನಿಸಬೇಕು. ಜಗಲಿಯ ಮೇಲಿನ ಕಲ್ಲುಚಪ್ಪಡಿಗಳು ಇಳಿಜಾರಾಗಿ, ಒಂದರ ಮೇಲೊಂದು ಹೊದಿಸಿದಂತೆ ಇವೆ. ಬಡಗಿ ಮರದಲ್ಲಿ ಮಾಡುವ ಕೆಲಸವನ್ನು ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದಾನೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ವಾಸ್ತುವಿನ ಮೊದಲ ಗುರು ಮಳೆಯೇ. ಮೂಡುಬಿದಿರೆಯ ಬಸದಿಗಳ ಅಂತಸ್ತಿನ ಮಾಡುಗಳನ್ನು ಕಂಡು ಜೇಮ್ಸ್ ಫರ್ಗುಸನ್ 1876ರ ತನ್ನ ಗ್ರಂಥದಲ್ಲಿ ಇವು ನೇಪಾಳವನ್ನು ನೆನಪಿಗೆ ತರುತ್ತವೆ ಎಂದು ಬೆರಗುಪಟ್ಟ. ಅಲ್ಲಿಯೇ ಕೊಡಂಗಲ್ಲಿನಲ್ಲಿ ಜೈನಮುನಿಗಳ ಸಮಾಧಿಗಳು ಮೆಟ್ಟಿಲು ಮೆಟ್ಟಿಲಾಗಿ ಪಗೋಡದಂತೆ ಮೇಲೇರುತ್ತವೆ. ಹಿಮಾಲಯಕ್ಕೂ ಕರಾವಳಿಗೂ ಸಂಬಂಧ ಕಲ್ಪಿಸಲು ಹಲವರು ಹೊರಟರು. ನನಗೆ ತೋರುವುದು ಇಷ್ಟೇ: ಮಳೆಯೂ ಮರವೂ ಒಂದೇ ಆದ ಕಡೆ ಮನುಷ್ಯನ ಕೈ ಒಂದೇ ಬಗೆಯ ಮಾಡನ್ನು ಹುಡುಕಿಕೊಳ್ಳುತ್ತದೆ.

ಹಿರಿಯಂಗಡಿಯ ನೇಮಿನಾಥ ಬಸದಿಯ ಮುಂದಣ ಏಕಶಿಲಾ ಮಾನಸ್ತಂಭವನ್ನು ನೋಡಿಕೊಂಡು ನಾವು ಹಿಂದಿರುಗಿದೆವು. ಬರುವಾಗ ಅದೇ ದೈವಸ್ಥಾನದ ಮುಂದೆ ಮತ್ತೆ ನಿಂತೆವು.

ಭೂತಸ್ಥಾನವನ್ನು ನೋಡಲು ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು. ವರ್ಷದ ಬಹುಭಾಗ ಅಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ದೈವದ ಮೊಗ, ಖಡ್ಗ, ಆಭರಣಗಳನ್ನೊಳಗೊಂಡ ಭಂಡಾರ ಇರುವುದು ಭಂಡಾರದ ಮನೆಯಲ್ಲಿ. ನೇಮದ ದಿನ ಅದು ಮೆರವಣಿಗೆಯಲ್ಲಿ ಸ್ಥಾನಕ್ಕೆ ಬರುತ್ತದೆ. ಪಂಬದ, ನಲಿಕೆ, ಪರವ ಸಮುದಾಯದ ಪಾತ್ರಿಯ ಮೈಯಲ್ಲಿ ದೈವ ಇಳಿಯುತ್ತದೆ. ಪಾಡ್ದನದಲ್ಲಿ ಅದರ ಹುಟ್ಟು ಸಂಚಾರಗಳೆಲ್ಲ ಬರುತ್ತವೆ. ಊರಿನ ನ್ಯಾಯ ತೀರ್ಮಾನಗಳಾಗುತ್ತವೆ. ಬೆಳಗಾದ ಮೇಲೆ ಭಂಡಾರ ಮರಳುತ್ತದೆ. ಜಿಂಜದಲ್ಲಿಯೂ ಒಳಗಿನ ಕೋಣೆಯಲ್ಲಿರುವುದು ಕನ್ನಡಿಯೋ ಖಡ್ಗವೋ. ಅದನ್ನು ಯಾರೂ ಕಾಣುವಂತಿಲ್ಲ. ಹಬ್ಬದ ದಿನ ಕಮಿಯನ್ನು ಪಲ್ಲಕ್ಕಿಯಲ್ಲಿ ಹೊತ್ತು ಊರು ಸುತ್ತಿಸುತ್ತಾರೆ. ನೇಮದ ಕಾಲ ದೀಪಾವಳಿಯ ಅನಂತರ ಆರಂಭವಾಗಿ ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಮುಗಿಯುತ್ತದೆ. 2022ರಲ್ಲಿ ಬಂದ 'ಕಾಂತಾರ' ಚಲನಚಿತ್ರದ ಬಳಿಕ ಹೊರಗಿನವರು ಹೆಚ್ಚಾಗಿ ಬರತೊಡಗಿದ್ದಾರೆ. ಬರಲಿ, ಆದರೆ ಚಿತ್ರ ತೆಗೆಯಬಾರದೆಂದಲ್ಲಿ ತೆಗೆಯದಿರಲಿ. ತುಳುವರ ಈ ಆರಾಧನೆಯನ್ನು ಕುರಿತ ಬರ್ನೆಲ್ ಮಹಾಶಯನ ಹಸ್ತಪ್ರತಿಗಳು ಪಿಶಾಚಪೂಜೆ ಎಂಬರ್ಥದ ಇಂಗ್ಲಿಷ್ ಹೆಸರಿನಲ್ಲಿ, ಅವನು ತೀರಿಕೊಂಡ ಬಳಿಕ, ಪ್ರಕಟವಾದುದು 1890ರ ದಶಕದಲ್ಲಿ. ಈಚಿನ ವರ್ಷಗಳಲ್ಲಿ ಇದೇ ಆರಾಧನೆಯನ್ನು ಕುರಿತು ಒಂದು ಗಂಭೀರ ಗ್ರಂಥವನ್ನು ರಚಿಸಿದವರು ಕ್ಯೋಟೋ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞೆ ಮಿಹೊ ಇಶಿಯಿ. ಜಪಾನೀ ಕಣ್ಣಿಗೆ ಇದು ಪಿಶಾಚವಾಗಿ ಕಾಣಲಿಲ್ಲವೆಂಬುದು ಕೇವಲ ಆಕಸ್ಮಿಕವಲ್ಲವೆಂದು ನನ್ನ ಭಾವನೆ. ನಮ್ಮ ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕುಳಿತು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದದ್ದೂ ಇಲ್ಲಿ ನೆನಪಾಗುತ್ತದೆ. ಸತ್ತವರ ಆತ್ಮ ರಂಗಕ್ಕೆ ಬಂದು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ಆ ನಾಟಕಗಳು ಪಾಡ್ದನದ ನಾಡಿನವರಿಗೆ ಅಪರಿಚಿತವೆನಿಸಿರಲಾರವು.

ಉಡುಪಿಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರೂ ಬಲ್ಲರು. ಆದರೂ ಕೃಷ್ಣನನ್ನು ಕಿಂಡಿಯಲ್ಲಿ ನೋಡಿ ಹಾಗೆಯೇ ಬಸ್ ನಿಲ್ದಾಣಕ್ಕೆ ಓಡುವವರಿಗೆ ಒಂದು ಮಾತು. ಮೊದಲು ಚಂದ್ರಮೌಳೀಶ್ವರ, ಬಳಿಕ ಅನಂತೇಶ್ವರ, ಕೊನೆಗೆ ಕೃಷ್ಣ ಎಂಬುದು ಸಂಪ್ರದಾಯದ ಕ್ರಮ. ಊರಿನಲ್ಲಿ ಯಾರು ಹಳಬರು ಎಂಬುದನ್ನು ಆ ಕ್ರಮವೇ ಹೇಳುತ್ತದೆ. ಅನಂತೇಶ್ವರದ ಹಿಂಬದಿಗೆ ಹೋಗಿ ನೋಡಿದರೆ ಗರ್ಭಗುಡಿ ಗಜಪೃಷ್ಠಾಕಾರವಾಗಿರುವುದು ಕಾಣುತ್ತದೆ. ಪರ್ಯಾಯಕ್ಕೆ ಮುನ್ನ ಮಧ್ವಸರೋವರದ ಬಳಿ ರಥದಂತೆ ಒಟ್ಟುವ ಕಟ್ಟಿಗೆಯೂ ನೋಡತಕ್ಕದ್ದೇ. ಎರಡು ವರ್ಷಗಳಿಗೊಮ್ಮೆ ಅದು ಹೊಸದು. ಒಟ್ಟುವ ಕೈಗಳ ತಿಳಿವು ಮಾತ್ರ ಹಳೆಯದು.

ಕಾಪುವಿಗೆ ಬಂದರೆ, ಕಡಲ ಬಂಡೆಯ ಮೇಲಿನ 1901ರ ದೀಪಸ್ತಂಭವನ್ನು ನೋಡಲು ಬರುವವರೇ ಹೆಚ್ಚು. ಸಾಹಿತ್ಯಾಸಕ್ತರಿಗೆ ಮಾತ್ರ ಕಾಪು ಎಂದೊಡನೆ 1556ರ ಒಂದು ತಾಮ್ರಶಾಸನ ನೆನಪಿಗೆ ಬರಬೇಕು. ಕಾಪುವಿನ ಮದ್ದ ಹೆಗ್ಗಡೆ ಧರ್ಮನಾಥ ತೀರ್ಥಂಕರನಿಗೆ ಭೂಮಿ ಬಿಟ್ಟುದನ್ನು ಅದು ಹೇಳುತ್ತದೆ. ಅದರ ಶಾಪಾಶಯ ಸ್ವಾರಸ್ಯವಾಗಿದೆ: ಈ ದತ್ತಿಯನ್ನು ಕೆಡಿಸಿದವನು ಜೈನನಾದರೆ ಬೆಳಗೊಳದ ಗೊಮ್ಮಟನೇ ಮೊದಲಾದ ಜಿನಬಿಂಬಗಳನ್ನು ಒಡೆದ ಪಾಪಕ್ಕೆ, ಶೈವನಾದರೆ ಶಿವಲಿಂಗಗಳನ್ನು ಒಡೆದ ಪಾಪಕ್ಕೆ, ವೈಷ್ಣವನಾದರೆ ತಿರುಮಲೆಯ ದೇವರಿಗೆ ಎರಡು ಬಗೆದ ಪಾಪಕ್ಕೆ ಹೋಗುವನು ಎಂಬ ತಾತ್ಪರ್ಯ. ಬಸದಿಯೊಂದರ ಗದ್ದೆಯನ್ನು ಕಾಯಲು ಮೂರೂ ಮತದ ದೇವರುಗಳನ್ನು ಕಾವಲಿಗೆ ಕರೆದ ಬಗೆಯಿದು. ಜಪಾನೀ ತರುಣನಿಗೆ ನಾನು ಕೊಡಬಹುದಾಗಿದ್ದ ಅತ್ಯುತ್ತಮ ಉತ್ತರ ಇದೇ, ಅಂದು ಹೊಳೆಯಲಿಲ್ಲ.

ಅದೇ ಕಾಪುವಿನಲ್ಲಿ ಮಾರಿಗುಡಿಗಳಿವೆ. ಅವುಗಳಲ್ಲಿ ಹೊಸ ಮಾರಿಗುಡಿ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಪುನರ್ನಿರ್ಮಾಣಗೊಂಡು 2025ರಲ್ಲಿ ಬ್ರಹ್ಮಕಲಶೋತ್ಸವವಾಯಿತು. ಲಕ್ಷಾಂತರ ಜನರ ಭಕ್ತಿ, ಶ್ರಮ, ಹಣ ಅಲ್ಲಿ ಕೂಡಿತು. ಕೆಲಸ ಭವ್ಯವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಉಡುಪಿಯಿಂದ ಕಾರ್ಕಳದವರೆಗೆ ಯಾವ ದಾರಿಯಲ್ಲಿ ಹೋದರೂ ಜೀರ್ಣೋದ್ಧಾರದ ಫಲಕಗಳು ಕಾಣುತ್ತವೆ. ಮುರಕಲ್ಲಿನ ಗೋಡೆ, ಹಲಸಿನ ಮರದ ತೊಲೆ, ಹೆಂಚಿನ ಮಾಡು ಇವೆಲ್ಲ ಹೋಗಿ ಕಾಂಕ್ರೀಟು, ಹೊಳಪಿನ ಗ್ರಾನೈಟು, ಅಂಗಳಕ್ಕೆ ಇಂಟರ್‌ಲಾಕ್ ಹಾಸು ಬರುತ್ತಿವೆ. ಕಾರ್ಕಳದ ಗೊಮ್ಮಟನಿಗೂ ಚತುರ್ಮುಖಕ್ಕೂ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆ ಇದೆ. ಗದ್ದೆಯಂಚಿನ ಮಂಚ ಖಡ್ಗಗಳ ಗುಡಿಗೆ ಯಾವ ಇಲಾಖೆ?

ಇದನ್ನು ಹೇಳುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲ. ನಮ್ಮ ಊರಿನ ದೈವಸ್ಥಾನವನ್ನು ಕೆಡವಿ ಕಟ್ಟಿದ ಸಮಿತಿಯಲ್ಲಿ ನಾನೂ ಇದ್ದೆ. ವಿಜ್ಞಾಪನಾ ಪತ್ರವನ್ನು ಬರೆದವನು ನಾನೇ. ಶಿಥಿಲ ಎಂಬ ಪದವನ್ನು ಅದರಲ್ಲಿ ಐದು ಸಲ ಬಳಸಿದ್ದೆ. ಮಾಡು ಸೋರುತ್ತಿದ್ದುದು ನಿಜ. ನೇಮದ ರಾತ್ರಿ ಮಳೆ ಬಂದರೆ ಮುದುಕರು ಮಕ್ಕಳು ನೆನೆಯುತ್ತಿದ್ದುದೂ ನಿಜ. ಗುಡಿಯ ನೆರಳಿನಲ್ಲಿ ಬದುಕುವವರು ಸೋರುವ ಮಾಡನ್ನು ಸಹಿಸಿಕೊಂಡಿರಲಿ, ಪಟ್ಟಣದ ನಾವು ವರ್ಷಕ್ಕೊಮ್ಮೆ ಬಂದು ಅದರ ಸೊಬಗನ್ನು ಸವಿಯೋಣ ಎನ್ನುವುದು ನ್ಯಾಯವಲ್ಲ. ಆದರೆ ಕೆಡಹುವ ಮುನ್ನ ಒಂದು ಅಳತೆ ತೆಗೆಯಲಿಲ್ಲ, ಒಂದು ಛಾಯಾಚಿತ್ರ ತೆಗೆಸಲಿಲ್ಲ. ಮುಖಮಂಟಪದ ತೊಲೆಯಲ್ಲಿ ಹಂಸಗಳ ಸಾಲು ಇತ್ತು. ಅದು ಅಡಿಗೆಯ ಒಲೆಗೆ ಹೋಯಿತು. ಮೆಟ್ಟಿಲಿನ ಕಲ್ಲೊಂದರ ಮೇಲೆ ಅಕ್ಷರಗಳಿದ್ದುವು. ಬಾಲ್ಯದಲ್ಲಿ ಅದರ ಮೇಲೆ ಕಾಲಿಟ್ಟು ಹತ್ತಿದವನು, ಹಳಗನ್ನಡವನ್ನು ಜೀವನೋಪಾಯ ಮಾಡಿಕೊಂಡವನು, ಅದನ್ನು ಒಮ್ಮೆಯೂ ಬಗ್ಗಿ ಓದಿರಲಿಲ್ಲ. ಬ್ರಹ್ಮಕಲಶದ ಸಭೆಯಲ್ಲಿ ಪರಂಪರೆಯನ್ನು ಕುರಿತು ಅರ್ಧ ಗಂಟೆ ಮಾತನಾಡಿ ಶಾಲು ಹೊದಿಸಿಕೊಂಡು ಇಳಿಯುವಾಗ ಹೊಸ ಮೆಟ್ಟಿಲು ಕಾಲಿಗೆ ನುಣ್ಣಗೆ ತಾಗಿತು. ಆಗ ನೆನಪಾಯಿತು.

ಜೀರ್ಣವಾದುದನ್ನು ಹೊಸದಾಗಿಸುವುದೇ ನಮ್ಮ ಸಂಪ್ರದಾಯ, ಜಪಾನಿನ ಇಸೆಯಲ್ಲಿಯೂ ಹೀಗೆಯೇ ಅಲ್ಲವೆ ಎಂದು ವಾದಿಸುವವರಿದ್ದಾರೆ. ಇಸೆಯ ಮಹಾಜಿಂಜವನ್ನು ಇಪ್ಪತ್ತು ವರ್ಷಗಳಿಗೊಮ್ಮೆ ಮಗ್ಗುಲ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ; 690ರಿಂದ ಬಂದ ಪದ್ಧತಿ. ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ತಪ್ಪಿದರೂ ಮತ್ತೆ ಕೂಡಿಕೊಂಡು, 2013ರಲ್ಲಿ 62ನೆಯ ಸಲ ನಡೆಯಿತು. ಆದರೆ ಅಲ್ಲಿ ಹೊಸದಾಗುವುದು ಮರ ಮಾತ್ರ. ಅದೇ ಜಾತಿಯ ಮರ, ಅದೇ ಅಳತೆ, ಅದೇ ಕೀಲು. ಇಪ್ಪತ್ತು ವರ್ಷವೆಂದರೆ ಬಡಗಿಯೊಬ್ಬ ಎಳೆಯನಾಗಿ ಒಮ್ಮೆ, ಗುರುವಾಗಿ ಮತ್ತೊಮ್ಮೆ ಅದೇ ಕೆಲಸದಲ್ಲಿ ಕೈಯಾಡಿಸುವಷ್ಟು ಅವಧಿ. ಇಳಿಸಿದ ತೊಲೆಗಳು ಬೇರೆ ಜಿಂಜಗಳಿಗೆ ಹೋಗುತ್ತವೆ, ಒಲೆಗಲ್ಲ. ಹೊರ್‍ಯೂಜಿಯಂತಹ ಪುರಾತನ ತೆರಗಳಲ್ಲಾದರೋ ಇಡೀ ಕಟ್ಟಡವನ್ನು ಬಿಚ್ಚಿ, ಕೊಳೆತ ತುಂಡನ್ನಷ್ಟೇ ಬದಲಿಸಿ, ಮತ್ತೆ ಜೋಡಿಸುತ್ತಾರೆ; ಹೊಸ ತುಂಡಿನ ಮೇಲೆ ದುರಸ್ತಿಯ ವರ್ಷವನ್ನು ಮುದ್ರೆಯೊತ್ತುತ್ತಾರೆ. ನಾವು ರೂಪವನ್ನೂ ಕೌಶಲವನ್ನೂ ಒಟ್ಟಿಗೆ ಕಳೆದು, ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ನಮ್ಮಲ್ಲಿಯೂ ಭಿನ್ನವಾದ ಮರದ ಭೂತಪ್ರತಿಮೆಗಳನ್ನು ಬದಲಿಸುವ ಕ್ರಮ ಹಳೆಯದೇ. ಮೆಕ್ಕೆಕಟ್ಟಿನಿಂದ ಹೋದ ಅಂತಹ ಪ್ರತಿಮೆಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಇಂದು ನಿಂತಿವೆ. ಮಣಿಪಾಲದ ವಿಜಯನಾಥ ಶೆಣೈಯವರು (ನಿಧನ 2017) ಕೆಡಹಲಿದ್ದ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಮೀಯಾರಿನ ಮನೆ ಇವು ಹಾಗೆ ಉಳಿದುವು. ಮನೆಯನ್ನು ಹಾಗೆ ಸಾಗಿಸಬಹುದು. ದೈವದ ನೆಲೆಯನ್ನು ಅದರ ಮರ, ಬಾವಿ, ಗದ್ದೆಗಳಿಂದ ಕಿತ್ತು ಸಾಗಿಸುವುದೆಲ್ಲಿಗೆ?

ಮರ ಎಂದಾಗ ಮಿನಕತ ಕುಮಗುಸು ಎಂಬಾತನ ಮಾತು ಹೇಳಲೇಬೇಕು. 1906ರಲ್ಲಿ ಜಪಾನಿನ ಸರಕಾರ ಊರೂರಿನ ಸಣ್ಣ ಜಿಂಜಗಳನ್ನು ಒಂದುಗೂಡಿಸಹೊರಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 70,000 ಗುಡಿಗಳು ಇಲ್ಲವಾದುವು. ಗುಡಿ ಹೋದೊಡನೆ ಅದರ ಸುತ್ತಣ ಬನದ ಮರಗಳು ಮಾರಾಟಕ್ಕೆ ಬಂದುವು. ಶಿಲೀಂಧ್ರಗಳನ್ನು ಅಭ್ಯಾಸ ಮಾಡುತ್ತಿದ್ದ ಕುಮಗುಸು ಇದನ್ನು ಪ್ರತಿಭಟಿಸಿ ಬರೆದ, ವಾದಿಸಿದ, ಸೆರೆಮನೆಯನ್ನೂ ಕಂಡ. ಕಮಿಯ ಬನ ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಪೈರಿಗೆ ಹುಳು ಬೀಳುತ್ತದೆ, ಊರಿನವರ ಒಕ್ಕಟ್ಟೂ ಸಡಿಲುತ್ತದೆ ಎಂಬುದು ಅವನ ವಾದದ ಸಾರ. ನಮ್ಮ ನಾಗಬನಗಳಿಗೆ ಇದಕ್ಕಿಂತ ಒಪ್ಪುವ ವಾದ ನನಗೆ ತಿಳಿದಂತೆ ಬೇರೊಂದಿಲ್ಲ. ಇಲ್ಲಿ ಯಾವ ಸರಕಾರವೂ ಆಜ್ಞೆ ಮಾಡಿಲ್ಲ. ನಾಗನಿಗೆ ಕಾಂಕ್ರೀಟಿನ ಕಟ್ಟೆ, ಸುತ್ತ ಹೆಂಚುಹಾಸು, ತಲೆಯ ಮೇಲೆ ತಗಡಿನ ಮಾಡು ಇವನ್ನೆಲ್ಲ ನಾವೇ ಭಕ್ತಿಯಿಂದ ಮಾಡಿದ್ದೇವೆ. ಬನ ಎಂಬ ಹೆಸರು ಉಳಿದಿದೆ.

ಜೀರ್ಣೋದ್ಧಾರ ಸಮಿತಿಯಲ್ಲಿರುವ ಮಿತ್ರರಿಗೆ ನನ್ನದೊಂದು ಸಣ್ಣ ಬೇಡಿಕೆ. ಕೆಡಹುವುದೇ ಅನಿವಾರ್ಯವಾದರೆ, ಒಂದು ತಿಂಗಳು ಮೊದಲು ಅಳತೆಗಳನ್ನು ಬರೆದಿಡಿ, ಚಿತ್ರಗಳನ್ನು ತೆಗೆಸಿಡಿ. ನೆಲಗಟ್ಟಿನ ಕಲ್ಲುಗಳನ್ನು ಒಂದೊಂದಾಗಿ ಮಗುಚಿ, ತೊಳೆದು ನೋಡಿ. ಹಳೆಯ ಬಡಗಿಗಳು ಇನ್ನೂ ಬದುಕಿದ್ದರೆ ಅವರನ್ನು ಕರೆದು ಕೇಳಿ. ಬಹಳ ಸಲ ಕೊಳೆತಿರುವುದು ಮಾಡಿನ ಅಂಚು ಮಾತ್ರ.

ನಮ್ಮ ಊರಿನ ಕಲ್ಲು ಕಳೆದ ಮಳೆಗಾಲದಲ್ಲಿ ಸಿಕ್ಕಿತು. ಹೊಸ ಸಭಾಗೃಹದ ಹಿಂದೆ, ಕೈಕಾಲು ತೊಳೆಯುವ ನಲ್ಲಿಯ ಕೆಳಗೆ, ಅಡಿಮೇಲಾಗಿ ಹಾಸಿದ್ದರು. ಇಬ್ಬರು ಹುಡುಗರ ಸಹಾಯದಿಂದ ಅದನ್ನು ಎತ್ತಿಸಿ ಮಗುಚಿದೆ. ಒಂದು ತುದಿ ಒಡೆದಿದೆ. ನಾಲ್ಕು ಸಾಲುಗಳಲ್ಲಿ ಎರಡು ಕಾಲಿನ ಸವೆತಕ್ಕೆ ಅಳಿಸಿಹೋಗಿವೆ. ಅದರಲ್ಲಿ ನನ್ನ ಕಾಲಿನ ಪಾಲೂ ಇದೆ. ಉಳಿದುದರಲ್ಲಿ ಬಿಟ್ಟ ಗದ್ದೆ ಎಂಬಷ್ಟು ಓದಲು ಬರುತ್ತದೆ. ಯಾರು ಬಿಟ್ಟರು, ಯಾರಿಗೆ ಎಂಬ ಭಾಗ ಒಡೆದ ತುಂಡಿನಲ್ಲಿದೆ. ನಲ್ಲಿಯ ಸುತ್ತ ಇನ್ನೂ ಏಳೆಂಟು ಹಾಸುಗಲ್ಲುಗಳಿವೆ. ಮುಂದಿನ ರವಿವಾರ ಅವನ್ನು ಮಗುಚಲು ಸಮಿತಿ ಒಪ್ಪಿದೆ.